ಪದಚರ್ಚೆ: 'ಸ್ಲ್ಯಾಬ್ ಸೆರಿಫ್'ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಹಳೆಯ ಮುದ್ರಣದ ಕುರಿತ ಪ್ರದರ್ಶನವೊಂದಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಫಲಕ ಕ್ಲಾರೆಂಡನ್ ಅಕ್ಷರದ್ದು. 1845ರಲ್ಲಿ ಲಂಡನ್ನಿನ ರಾಬರ್ಟ್ ಬೆಸ್ಲಿ ಹೊರತಂದದ್ದು. ದಪ್ಪ ಗೆರೆ, ಗೆರೆಯ ತುದಿಗಳಲ್ಲಿ ಗಟ್ಟಿ ಅಡ್ಡಪಟ್ಟಿ. ತುದಿಯ ಇಂಥ ಪಟ್ಟಿಯೇ ಸೆರಿಫ್. ಮೂಲದಲ್ಲಿ ಒಂದು ಕಡೆ 'ಸ್ಲ್ಯಾಬ್ ಸೆರಿಫ್' ಎಂದಿದೆ, ಇನ್ನೊಂದು ಕಡೆ 'ಈಜಿಪ್ಶಿಯನ್'. ಸದ್ಯಕ್ಕೆ 'ದಪ್ಪ ತಲೆಕಟ್ಟಿನ ಅಕ್ಷರ', 'ಈಜಿಪ್ಟಿನ ಲಿಪಿ' ಎಂದು ಬರೆದಿಟ್ಟಿದ್ದೇನೆ. ಸರಿ ಅಲ್ವಾ? ಗುರುವಾರ ಅಚ್ಚಿಗೆ ಹೋಗಬೇಕು.

*

> ದಪ್ಪ ತಲೆಕಟ್ಟಿನ ಅಕ್ಷರ

ತಪ್ಪು. ತಲೆಕಟ್ಟು ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. 'ಕ'ದ ತಲೆಕಟ್ಟು ಹೋಗಿ ಗುಡಿಸು ಬಂದರೆ 'ಕಿ' ಆಗುತ್ತದೆ. ಸೆರಿಫ್ ಕಿತ್ತರೂ ಇಂಗ್ಲಿಷಿನ 'ಎಚ್' 'ಎಚ್' ಆಗಿಯೇ ಉಳಿಯುತ್ತದೆ. ಎರಡನ್ನೂ ಒಂದು ಮಾಡಬೇಡಿ.

'ಸೆರಿಫ್' ಕೂಡ ಬೇಡ. ಗೀರು ಎಂಬ ಅರ್ಥದ ಡಚ್ ಪದದಿಂದ ಅದು ಬಂದಿರಬೇಕು ಎನ್ನುತ್ತಾರೆ. ಇಂಗ್ಲಿಷರು ಸಾಲ ತಂದದ್ದನ್ನು ನಾವು ಮತ್ತೆ ಸಾಲ ತರಬೇಕಾ? ಮೆಟ್ಟಿನ ಅಡಿಗೆ ಹೊಲಿಯುವ ದಪ್ಪ ತೊಗಲಿಗೆ 'ಅಟ್ಟೆ' ಎಂಬ ಒಳ್ಳೆಯ ಮಾತಿದೆ. 'ಅಟ್ಟೆಯಕ್ಷರ' ಎನ್ನಿ. ಮುಗಿಯಿತು.

*

ಮುಗಿಯಲಿಲ್ಲ. ಅಟ್ಟೆ ಇರುವುದು ಕಾಲಡಿಗೆ. ಈ ಅಕ್ಷರಗಳ ನೆತ್ತಿಯ ಮೇಲೂ ಪಟ್ಟಿ ಇದೆ.

ನನಗೆ 'ಚಪ್ಪಡಿ' ಸರಿ ಕಾಣುತ್ತದೆ. ನಮ್ಮಜ್ಜಿ ಮನೆಯ ಸೂರಿಗೆ ಹಾಸಿದ್ದು ಕಲ್ಲುಚಪ್ಪಡಿ, ಬಚ್ಚಲಿನ ನೆಲಕ್ಕೆ ಹಾಸಿದ್ದೂ ಅದೇ. ಮೇಲಕ್ಕೂ ಸಲ್ಲುತ್ತದೆ, ಕೆಳಕ್ಕೂ ಸಲ್ಲುತ್ತದೆ. 'ಚಪ್ಪಡಿ ಸೆರಿಫ್' ಎಂದು ಬರೆಯಿರಿ. ಸೆರಿಫ್ ನಮ್ಮ ಲಿಪಿಯಲ್ಲಿ ಇಲ್ಲದ ವಸ್ತು, ಅದರ ಹೆಸರು ಹಾಗೇ ಬರಲಿ.

'ಈಜಿಪ್ಟಿನ ಲಿಪಿ' ಮಾತ್ರ ದಯವಿಟ್ಟು ತೆಗೆಯಿರಿ. ಓದಿದವರು ಪಿರಮಿಡ್ಡಿನ ಚಿತ್ರಲಿಪಿ ಎಂದುಕೊಳ್ಳುತ್ತಾರೆ. 1798ರಲ್ಲಿ ನೆಪೋಲಿಯನ್ ದಂಡು ಕಟ್ಟಿಕೊಂಡು ಅಲ್ಲಿಗೆ ಹೋದ ಮೇಲೆ ಯುರೋಪಿಗೆಲ್ಲ ಈಜಿಪ್ಟಿನ ಹುಚ್ಚು ಹಿಡಿಯಿತು. ಹೆಸರು ಆ ಗಾಳಿಯಲ್ಲಿ ಬಂದದ್ದು. ಲಂಡನ್ನಿನಲ್ಲಿ ಅಚ್ಚುಮೊಳೆ ಎರಕ ಹೊಯ್ಯುತ್ತಿದ್ದ ವಿನ್ಸೆಂಟ್ ಫಿಗಿನ್ಸ್ ಇಂಥದೇ ಅಕ್ಷರವನ್ನು 'ಆಂಟಿಕ್' ಎಂದು ಕರೆದಿದ್ದ. 1816ರ ಸುಮಾರಿಗೆ ಅದೇ ಕಸುಬಿನ ಕ್ಯಾಸ್ಲನ್ 'ಈಜಿಪ್ಶಿಯನ್' ಎಂದು ತೋರಿಸಿದ ಅಕ್ಷರಕ್ಕಂತೂ ಸೆರಿಫೇ ಇರಲಿಲ್ಲ! ಅವರಲ್ಲೇ ನೆಲೆ ನಿಲ್ಲದ ಹೆಸರಿಗೆ ನಾವೇಕೆ ಜೋತುಬೀಳಬೇಕು?

ಇನ್ನೊಂದು ಮಾತು. ಕ್ಲಾರೆಂಡನ್ ಎಂದರೆ ಬರೀ ಪೋಸ್ಟರ್ ಅಲ್ಲ. ಮಾಮೂಲಿ ಅಕ್ಷರದ ಸಾಲಿನ ನಡುವೆ ಒಂದು ಪದವನ್ನು ಎದ್ದು ಕಾಣಿಸಲು ಮಾಡಿದ್ದು ಅದು. ಅದಕ್ಕೇ ನಿಘಂಟುಗಳಿಗೆ ಅಷ್ಟು ಚೆನ್ನಾಗಿ ಒಗ್ಗಿತು. ಪಟ್ಟಿಯು ಕಂಬಕ್ಕೆ, ಅಂದರೆ ಅಕ್ಷರದ ನೆಟ್ಟನೆಯ ಗೆರೆಗೆ, ಸೇರುವಲ್ಲಿ ಚಿಕ್ಕ ಬಾಗು ಇದೆ ನೋಡಿ, ಅದರ ಚೆಲುವೆಲ್ಲ ಅಲ್ಲಿದೆ. 1934ರ ರಾಕ್‌ವೆಲ್ ಎಂಬ ಇಂಥದೇ ಅಕ್ಷರದಲ್ಲಿ ಆ ಬಾಗು ಇಲ್ಲ, ಕಂಬಕ್ಕೂ ಪಟ್ಟಿಗೂ ಹೆಚ್ಚುಕಡಿಮೆ ಒಂದೇ ದಪ್ಪ. ಫಲಕದಲ್ಲಿ ಜಾಗವಿದ್ದರೆ ಇದನ್ನು ಹೇಳಿ.

*

'ಚಪ್ಪಡಿ ಸೆರಿಫ್' ಅರ್ಧ ಕನ್ನಡ. 'ಚಪ್ಪಡಿಗೀರು' ಎನ್ನಲು ಏನು ಅಡ್ಡಿ? ಹೀಗೆ ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮದೆಂದು ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

*

ಗೀರು ಎಂದರೆ ಉಗುರು ತಾಗಿದ ಗುರುತು. ಇಷ್ಟು ದಪ್ಪದ್ದನ್ನು ಯಾರೂ ಗೀರು ಎನ್ನುವುದಿಲ್ಲ. 'ರೈಲುಗಾಡಿ'ಯೂ ಅರ್ಧವೇ. ಅದರಿಂದ ಕನ್ನಡ ಬಡವಾಗಿಲ್ಲ.

*

ಇಬ್ಬರಿಗೂ ವಂದನೆ. ತಲೆಕಟ್ಟು, ಈಜಿಪ್ಟು ಎರಡನ್ನೂ ತೆಗೆದು 'ಚಪ್ಪಡಿ ಸೆರಿಫ್' ಎಂದು ಹಾಕಿದೆ. ಆ ಬಾಗಿಗೆ ಮೂಲದಲ್ಲಿ 'ಬ್ರ್ಯಾಕೆಟ್' ಎಂದಿದೆ. ದೇವಸ್ಥಾನದಲ್ಲಿ ಕಂಬಕ್ಕೂ ಮೇಲಿನ ತೊಲೆಗೂ ನಡುವೆ ಬರುತ್ತದಲ್ಲ, 'ಬೋದಿಗೆ', ಅದು ಇಲ್ಲಿಗೆ ನಡೆಯುತ್ತದಾ? ನಾಳೆ ಸಂಜೆಯೊಳಗೆ ತಿಳಿಸಿದರೆ ಸೇರಿಸುತ್ತೇನೆ.