ನಾಯಿ ಬಾಯಿ ವಾಸನೆಗೆ ರಾಗಿ-ಪುದೀನ ಬಿಸ್ಕತ್ತು: ಅಳತೆ ಎಷ್ಟು, ಏನೇನು ಹಾಕಬಾರದು?

ಕ್ಯಾತ್ಸಂದ್ರ_ಗೇಟ್:

ನಮಸ್ಕಾರ. ತುಮಕೂರಿನಿಂದ ಬರೀತಿದೀನಿ. ಲ್ಯಾಬ್ರಡಾರ್, ಗಂಡು, 4 ವರ್ಷ, 26 ಕೆಜಿ. ಬಾಯಿ ವಾಸನೆ ಜಾಸ್ತಿಯಾಗಿದೆ. ಊಟ, ಆಟ, ನೀರು ಕುಡಿಯೋದು ಎಲ್ಲ ಮಾಮೂಲಿ. ಬೆಳಿಗ್ಗೆ ಅಂಗಡಿಯ ಒಣ ಆಹಾರ, ರಾತ್ರಿ ರಾಗಿ ಮುದ್ದೆ ಜೊತೆ ಬೇಯಿಸಿದ ಕೋಳಿ, ಕೆಲವೊಮ್ಮೆ ಮನೆ ಸಾರು.

ಪುದೀನ, ಕೊತ್ತಂಬರಿ ಹಾಕಿ ರಾಗಿ ಬಿಸ್ಕತ್ತು ಮನೆಯಲ್ಲೇ ಮಾಡಿ ಕೊಡೋಣ ಅಂತಿದೀನಿ. ಬರೀ ರಾಗಿ ಹಿಟ್ಟಲ್ಲಿ ಮಾಡಿದರೆ ಒಡೆದು ಪುಡಿಯಾಗುತ್ತೆ, ಸೊಪ್ಪು ಹಾಕಿದರೆ ನಾಲ್ಕು ದಿನಕ್ಕೇ ಬೂಸ್ಟು ಬರುತ್ತೆ ಅಂತಾರೆ. ಸರಿಯಾದ ಅಳತೆ ಗೊತ್ತಿರೋರು ಹೇಳಿ. ಕುಂಡದಲ್ಲಿ ದೊಡ್ಡಪತ್ರೆ, ತುಳಸಿ ಇದೆ, ಅದನ್ನೂ ಹಾಕಬಹುದಾ? ಪಾರ್ಸ್ಲಿ (ಕೊತ್ತಂಬರಿ ಥರದ ವಿದೇಶಿ ಸೊಪ್ಪು) ಹಾಕಲೇಬೇಕು ಅಂತ ಎಲ್ಲ ಕಡೆ ಬರೆದಿರ್ತಾರೆ, ಇಲ್ಲಿ ಸಿಗಲ್ಲ. ದಿನಕ್ಕೆ ಎಷ್ಟು ಕೊಡಬಹುದು?

ರಾಗಿಕಣಜ:

ರಾಗಿಯಲ್ಲಿ ಗ್ಲುಟೆನ್ (ಗೋಧಿ ಹಿಟ್ಟನ್ನ ಹಿಡಿದಿಡೋ ಅಂಟು) ಇಲ್ಲ, ಅದಕ್ಕೇ ಒಡೆಯೋದು. ಹಿಟ್ಟಿನಲ್ಲಿ ಒಂದು ಪಾಲನ್ನ ಮೊದಲೇ ಬೇಯಿಸಿಕೊಂಡರೆ ಅದೇ ಅಂಟಾಗುತ್ತೆ. ಮುದ್ದೆ ಕಟ್ಟೋಕೆ ಬರೋದೂ ಹಿಟ್ಟು ಬೆಂದ ಮೇಲೇ ತಾನೆ.

ಬೇಕಾಗೋದು: ರಾಗಿ ಹಿಟ್ಟು 180 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಮೊಟ್ಟೆ 1, ಕೊಬ್ಬರಿ ಎಣ್ಣೆ 3 ಟೀ ಚಮಚ (2 ಹಿಟ್ಟಿಗೆ, 1 ಕೊನೆಗೆ ಸವರೋಕೆ), ಸಣ್ಣಗೆ ಹೆಚ್ಚಿದ ಕೊತ್ತಂಬರಿ ಎಲೆ 20 ಗ್ರಾಂ, ಪುದೀನ ಎಲೆ 25 ಗ್ರಾಂ, ನೀರು 90 ಮಿಲಿ. ಉಪ್ಪು, ಬೆಲ್ಲ, ಬೇಕಿಂಗ್ ಪೌಡರ್ ಯಾವುದೂ ಬೇಡ. ಬೆಲ್ಲ ಹಲ್ಲಿನ ಸಂದಿಯಲ್ಲಿ ಕೂತರೆ ವಾಸನೆ ಮಾಡೋ ಬ್ಯಾಕ್ಟೀರಿಯಾಗೆ ನಾವೇ ಊಟ ಹಾಕಿದ ಹಾಗೆ.

ಪುದೀನವನ್ನ ಎರಡು ಮೂರು ದಿನ ಮುಂಚೆಯೇ ತಯಾರು ಮಾಡಿಕೊಳ್ಳಿ. ಮಾರ್ಕೆಟ್ ಸೊಪ್ಪಿಗೆ ಔಷಧಿ ಹೊಡೆದಿರ್ತಾರೆ, ಮೂರು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಎಲೆ ಮಾತ್ರ ಬಿಡಿಸಿ ಬಟ್ಟೆ ಮೇಲೆ ನೆರಳಲ್ಲಿ ಹರಡಿ. ಮುರಿದರೆ ಚುರುಕ್ ಅನ್ನಬೇಕು, ಆಗ ಕೈಯಲ್ಲೇ ಉಜ್ಜಿ ಪುಡಿ ಮಾಡಿ. 25 ಗ್ರಾಂ ಹಸಿ ಎಲೆಗೆ ಹೆಚ್ಚೂಕಮ್ಮಿ 4 ಗ್ರಾಂ ಪುಡಿ ಸಿಗುತ್ತೆ. ಇದನ್ನ ಹಿಟ್ಟಿಗೆ ಹಾಕಬೇಡಿ. ಓವನ್ ಬಿಸಿಗೆ ಪುದೀನದ ಎಣ್ಣೆ ಅಂಶ ಹಾರಿಹೋಗಿ ಹಸಿರು ಬಣ್ಣ ಮಾತ್ರ ಉಳಿಯುತ್ತೆ, ಘಮ ಇರಲ್ಲ. ಬೆಂದ ಮೇಲೆ ಸವರಬೇಕು.

30 ಗ್ರಾಂ ರಾಗಿ ಹಿಟ್ಟನ್ನ ಅಷ್ಟೂ ನೀರಿಗೆ ಗಂಟಿಲ್ಲದ ಹಾಗೆ ಕದಡಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಪಾತ್ರೆ ಅಂಚು ಬಿಟ್ಟು ಹೊಳಪು ಬಂದಾಗ ಇಳಿಸಿ, ಉಗುರು ಬೆಚ್ಚಗಾಗೋವರೆಗೆ ಬಿಡಿ. ಬಿಸಿ ಇದ್ದಾಗಲೇ ಮೊಟ್ಟೆ ಒಡೆದು ಹಾಕಿದರೆ ಅದು ಬೆಂದು ಗಂಟುಗಂಟಾಗುತ್ತೆ, ಅಂಟು ಕೊಡಲ್ಲ. ಆಮೇಲೆ ಮೊಟ್ಟೆ, 2 ಚಮಚ ಎಣ್ಣೆ, ಕೊತ್ತಂಬರಿ, ಉಳಿದ 150 ಗ್ರಾಂ ರಾಗಿ, ಗೋಧಿ ಹಿಟ್ಟು ಸೇರಿಸಿ ನಾದಿ. ಗಟ್ಟಿ ಚಪಾತಿ ಹಿಟ್ಟಿಗಿಂತ ಒಂದು ಹದ ಗಟ್ಟಿ ಇರಲಿ. ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ, ರಾಗಿ ನಿಧಾನಕ್ಕೆ ನೀರು ಹೀರುತ್ತೆ. ಲಟ್ಟಿಸುವಾಗ ಅಂಚು ಸೀಳಿದರೆ ಒಂದೇ ಚಮಚ ನೀರು ಚಿಮುಕಿಸಿ ಮತ್ತೆ ನಾದಿ.

ಬಾಳೆ ಎಲೆ ಅಥವಾ ಬಟರ್ ಪೇಪರ್ ಎರಡರ ಮಧ್ಯೆ ಇಟ್ಟು 6 ಮಿಮೀ ದಪ್ಪಕ್ಕೆ ಲಟ್ಟಿಸಿ, 3 ಸೆಂಮೀ ಉದ್ದ 2 ಸೆಂಮೀ ಅಗಲಕ್ಕೆ ಕತ್ತರಿಸಿ. ಸುಮಾರು 90 ತುಂಡು ಆಗುತ್ತೆ. 160 ಡಿಗ್ರಿಯಲ್ಲಿ 20 ನಿಮಿಷ, ಮಗುಚಿ 10 ನಿಮಿಷ, ಆಮೇಲೆ 100 ಡಿಗ್ರಿಗೆ ಇಳಿಸಿ 40 ನಿಮಿಷ. ಬೂಸ್ಟು ತಡೆಯೋದು ಈ ಕೊನೆಯ 40 ನಿಮಿಷ. ತುಂಬಾ ಜನ ಮೇಲೆ ಕೆಂಪಗಾದ ತಕ್ಷಣ ತೆಗೆದುಬಿಡ್ತಾರೆ. ಒಂದನ್ನ ಮುರಿದು ನೋಡಿ: ಮಧ್ಯದಲ್ಲಿ ಅಂಚಿಗಿಂತ ಕಪ್ಪಗೆ, ಮೆತ್ತಗೆ ಒಂದು ಗೆರೆ ಕಂಡರೆ ಒಳಗೆ ಇನ್ನೂ ತೇವ ಇದೆ ಅಂತ ಅರ್ಥ, ಇನ್ನೊಂದು 15 ನಿಮಿಷ ಬಿಡಿ.

ಉಳಿದ 1 ಚಮಚ ಎಣ್ಣೆಯನ್ನ ಸ್ವಲ್ಪ ಬೆಚ್ಚಗೆ ಮಾಡಿ ಪುದೀನ ಪುಡಿ ಕಲಸಿ, ಬಿಸ್ಕತ್ತು ಕೈಗೆ ಬೆಚ್ಚಗಿರುವಾಗಲೇ ಬಟ್ಟಲಲ್ಲಿ ಹಾಕಿ ಕುಲುಕಿ. ತಿಪಟೂರು ಕಡೆಯ ಗಾಣದ ಎಣ್ಣೆ ಸಿಕ್ಕರೆ ಅದೇ ಒಳ್ಳೇದು. ಚಳಿಗಾಲದಲ್ಲಿ ಎಣ್ಣೆ ಗಟ್ಟಿಯಾಗುತ್ತೆ, ಬೆಚ್ಚಗೆ ಮಾಡದಿದ್ದರೆ ಪುಡಿ ಹಿಡಿಯಲ್ಲ.

ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದಲ್ಲಿ ಹನಿ ಕಟ್ಟಿ ಅಲ್ಲಿಂದಲೇ ಬೂಸ್ಟು ಶುರು. ಹೊರಗೆ ಒಂದು ವಾರ, ಫ್ರಿಜ್‌ನಲ್ಲಿ ಮೂರು ವಾರ. ಒಂದು ತುಂಡಿಗೆ ಬೂಸ್ಟು ಬಂದರೂ ಡಬ್ಬಿ ಪೂರ್ತಿ ಎಸೀರಿ, ಅದರ ವಿಷ ಕಣ್ಣಿಗೆ ಕಾಣದ ತುಂಡಲ್ಲೂ ಇರಬಹುದು.

ಪಾರ್ಸ್ಲಿ ಚಿಂತೆ ಬಿಡಿ, ಇದಕ್ಕೆ ಕೊತ್ತಂಬರಿ ಸಾಕು. ಗೋಧಿ ತಿಂದರೆ ಮೈ ಕೆರೆದುಕೊಳ್ಳೋ ನಾಯಿಯಾದರೆ ಅದರ ಬದಲು ಬೇಯಿಸಿ ಹಿಸುಕಿದ ಗೆಣಸು 60 ಗ್ರಾಂ ಹಾಕಿ, ನೀರು 40 ಮಿಲಿ ಕಮ್ಮಿ ಮಾಡಿ.

ವಸಡು_ನೋಡಿ:

ಮೇಲಿನ ವಿಧಾನ ಚೆನ್ನಾಗಿದೆ. ಆದರೆ ಓವನ್ ಹಚ್ಚುವ ಮೊದಲು ನಾಯಿಯ ತುಟಿ ಎತ್ತಿ ನೋಡಿ. ಪುದೀನ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಅಷ್ಟೇ. ವಾಸನೆ ಹುಟ್ಟುವುದು ಹಲ್ಲಿನ ಮೇಲಿನ ಅಂಟು ಪೊರೆಯಲ್ಲಿ. ಅಲ್ಲಿನ ಬ್ಯಾಕ್ಟೀರಿಯಾ ಗಂಧಕದ ಅನಿಲಗಳನ್ನು ಬಿಡುತ್ತವೆ. ಆ ಪೊರೆಯನ್ನು ಉಜ್ಜಿ ತೆಗೆಯದಿದ್ದರೆ ಜೊಲ್ಲಿನ ಸುಣ್ಣದ ಅಂಶ ಸೇರಿ ಕೆಲವೇ ದಿನಗಳಲ್ಲಿ ಗಟ್ಟಿ ಕಿಟ್ಟವಾಗುತ್ತದೆ. ಒಮ್ಮೆ ಕಿಟ್ಟವಾದ ಮೇಲೆ ಬಿಸ್ಕತ್ತಿನಿಂದಲೂ ಹೋಗುವುದಿಲ್ಲ, ಬ್ರಷ್‌ನಿಂದಲೂ ಹೋಗುವುದಿಲ್ಲ.

ಬೆಳೆದ ನಾಯಿಗೆ 42 ಹಲ್ಲು. ಎಲ್ಲವನ್ನೂ ಎಣಿಸಬೇಕಿಲ್ಲ, ಒಂದನ್ನು ನೋಡಿದರೆ ಸಾಕು. ಬಾಯಿ ಮುಚ್ಚಿಸಿ, ಹೆಬ್ಬೆರಳಿಂದ ಮೇಲ್ತುಟಿಯನ್ನು ಕಣ್ಣಿನ ಕಡೆಗೆ ಎತ್ತಿ ಹಿಂದಕ್ಕೆ ಸರಿಸಿ. ಕಣ್ಣಿನ ನೇರ ಕೆಳಗೆ ಮೇಲ್ದವಡೆಯ ಅತಿ ದೊಡ್ಡ ಹಲ್ಲು ಕಾಣುತ್ತದೆ. ಜೊಲ್ಲಿನ ನಾಳ ಕೆನ್ನೆಯ ಒಳಗೆ ಅದರ ಪಕ್ಕದಲ್ಲೇ ತೆರೆದುಕೊಳ್ಳುವುದರಿಂದ ಕಿಟ್ಟ ಮೊದಲು ಕಟ್ಟುವುದು ಅಲ್ಲೇ. ಹಲ್ಲು ಬಿಳಿ, ವಸಡು ತಿಳಿ ಗುಲಾಬಿ ಇದ್ದರೆ ಮನೆಯ ಆರೈಕೆ ಸಾಕು. ವಸಡಿನ ಅಂಚಲ್ಲಿ ಕೆಂಪು ಗೆರೆ ಇದ್ದರೆ ಬ್ರಷ್ ಇವತ್ತೇ ಶುರುವಾಗಲಿ. ಕಂದು ಬಣ್ಣದ ಗಟ್ಟಿ ಪದರ, ಮುಟ್ಟಿದರೆ ರಕ್ತ, ಅಲುಗಾಡುವ ಹಲ್ಲು ಕಂಡರೆ ಪಶುವೈದ್ಯರ ಬಳಿ ಹೋಗಿ. ಅರಿವಳಿಕೆ ಕೊಟ್ಟು ವಸಡಿನ ಒಳಗಿನ ಕಿಟ್ಟವನ್ನೂ ತೆಗೆಯಬೇಕಾಗುತ್ತದೆ. ಮನೆಯಲ್ಲಿ ಚಾಕು, ಉಗುರಿಂದ ಕೆರೆಯಬೇಡಿ. ಹಲ್ಲಿನ ಮೇಲೆ ಗೀರು ಬಿದ್ದು ಪೊರೆ ಇನ್ನೂ ಬೇಗ ಹಿಡಿಯುತ್ತದೆ, ಒಳಗಿನದು ಒಳಗೇ ಇರುತ್ತದೆ.

ವಾಸನೆಯ ಬಗೆಯನ್ನೂ ಗಮನಿಸಿ. ಮೂತ್ರದಂಥ ಘಾಟು, ಜೊತೆಗೆ ನೀರು ಹೆಚ್ಚು ಕುಡಿಯುತ್ತಿದ್ದರೆ ಕಿಡ್ನಿ ಪರೀಕ್ಷೆ ಬೇಕು. ಸಿಹಿ, ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆಯಾದರೆ ಸಕ್ಕರೆ ಕಾಯಿಲೆ ಇರಬಹುದು. ಇದ್ದಕ್ಕಿದ್ದಂತೆ ಕೊಳೆತ ವಾಸನೆ, ಒಂದೇ ಕಡೆ ಅಗಿಯುವುದು, ಪಂಜದಿಂದ ಮುಖ ಉಜ್ಜಿಕೊಳ್ಳುವುದು ಕಂಡರೆ ಅಂಗುಳಿಗೆ ಅಡ್ಡವಾಗಿ ಎಲುಬು ಅಥವಾ ಕಡ್ಡಿ ಸಿಕ್ಕಿದೆಯೇ ನೋಡಿ. ಕಣ್ಣಿನ ಕೆಳಗೆ ಊದಿಕೊಂಡರೆ ಅದೇ ದೊಡ್ಡ ಹಲ್ಲಿನ ಬೇರಲ್ಲಿ ಕೀವಾಗಿರುವ ಸಾಧ್ಯತೆ ಹೆಚ್ಚು, ತಡ ಮಾಡಬೇಡಿ.

ಬಿಸ್ಕತ್ತಿನ ಗಟ್ಟಿತನಕ್ಕೆ ಒಂದು ಪರೀಕ್ಷೆ: ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳಬೇಕು. ಬೀಳದಷ್ಟು ಗಟ್ಟಿಯಾದರೆ ಹಲ್ಲಿನ ಹೋಳೇ ಸೀಳಿ ಬರುತ್ತದೆ. ಮಟನ್ ಅಂಗಡಿಯ ಕಾಲೆಲುಬು, ಗೊರಸು ಕೊಡಬಾರದು ಎನ್ನುವುದೂ ಇದಕ್ಕೇ. ಬೇಯಿಸಿದ ಕೋಳಿ ಎಲುಬಂತೂ ಚೂಪಾಗಿ ಸೀಳುತ್ತದೆ.

ಮೂತ್ರದಲ್ಲಿ ಆಕ್ಸಲೇಟ್ ಕಲ್ಲು ಬಂದ ನಾಯಿಗೆ ರಾಗಿ ಬಿಸ್ಕತ್ತು ಬೇಡ. ರಾಗಿಯಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ ಎರಡೂ ಇವೆ. ಪಾರ್ಸ್ಲಿಯೂ ಅಂಥ ನಾಯಿಗೆ ಒಳ್ಳೆಯದಲ್ಲ.

ಚಿಂತಾಮಣಿ_ಹುಣಸೆತೋಪು:

ದೊಡ್ಡಪತ್ರೆ ಬೇಡವೇ ಬೇಡ. ಮಕ್ಕಳ ಕೆಮ್ಮಿಗೆ ಕೊಡೋ ಸೊಪ್ಪು, ನಾಯಿಗೇನಾಗುತ್ತೆ ಅಂತ ಅನ್ನಿಸುತ್ತೆ, ಆದರೆ ಅದರ ಎಣ್ಣೆ ಅಂಶ ನಾಯಿಗೆ ವಾಂತಿ, ಭೇದಿ ಮಾಡಿಸುತ್ತೆ. ಲೋಳೆಸರವೂ ಹಾಗೇ. ತುಳಸಿ ನಾಲ್ಕೈದು ಎಲೆ ಹಿಟ್ಟಿಗೆ ಹಾಕಿದರೆ ತೊಂದರೆ ಇಲ್ಲ. ಜಾಯಿಕಾಯಿ, ಲವಂಗದ ಎಣ್ಣೆ, ಬಾಟಲಿಯ ಪುದೀನ ಎಣ್ಣೆ ಒಂದು ತೊಟ್ಟೂ ಬೇಡ. ಎಲೆ ಬೇರೆ, ಬಟ್ಟಿ ಇಳಿಸಿದ ಎಣ್ಣೆ ಬೇರೆ.

ನಮ್ಮ ಚಿಕ್ಕಬಳ್ಳಾಪುರ ಕಡೆಯವರಿಗೆ ಮುಖ್ಯವಾಗಿ ಹೇಳಬೇಕಾದ್ದು: ದ್ರಾಕ್ಷಿ, ಒಣದ್ರಾಕ್ಷಿ ಹಾಕಬೇಡಿ. ರುಚಿಗೆ ಇರಲಿ ಅಂತ ನಾಲ್ಕು ಒಣದ್ರಾಕ್ಷಿ ಸೇರಿಸೋರಿದಾರೆ. ನಾಯಿಯ ಕಿಡ್ನಿಗೆ ಅದು ವಿಷ, ಇಷ್ಟು ತಿಂದರೆ ಪರವಾಗಿಲ್ಲ ಅನ್ನೋ ಲೆಕ್ಕ ಇಲ್ಲ. ಮೊದಲ ದಿನ ವಾಂತಿ, ಒಂದೆರಡು ದಿನದಲ್ಲಿ ಮೂತ್ರ ನಿಲ್ಲುತ್ತೆ. ತೋಟದಲ್ಲಿ ಉದುರಿದ್ದು ತಿಂದಿದ್ದು ಗೊತ್ತಾದರೂ ವಾಂತಿ ಬರಲಿ ಅಂತ ಕಾಯದೆ ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇದಕ್ಕೆ ಟಾರ್ಟಾರಿಕ್ ಆಮ್ಲ ಕಾರಣ ಅಂತ ಈಗ ಪಶುವೈದ್ಯರ ಶಂಕೆ. ಅದೇ ಆಮ್ಲ ಹುಣಸೆ ಹಣ್ಣಲ್ಲೂ ಜಾಸ್ತಿ ಇದೆ.

ಹಾಗಾಗಿ ಮನೆ ಸಾರು ಇವತ್ತೇ ನಿಲ್ಲಿಸಿ. ನಮ್ಮ ಸಾರಲ್ಲಿ ಹುಣಸೆ, ಈರುಳ್ಳಿ, ಬೆಳ್ಳುಳ್ಳಿ ಮೂರೂ ಇರುತ್ತೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಬೇಯಿಸಿದರೂ ಆ ಗುಣ ಹೋಗಲ್ಲ. ಕೋಳಿ ಬೇಯಿಸಿದ ಸಪ್ಪೆ ನೀರಲ್ಲೇ ಮುದ್ದೆ ಕಲಸಿ ಕೊಡಿ, ಅದಕ್ಕೂ ರುಚಿ.

ಕಡಲೆಕಾಯಿ ಬೆಣ್ಣೆ ಹಾಕೋದಾದರೆ ಡಬ್ಬಿ ಹಿಂದೆ ಓದಿ. ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕೋ ಸಿಹಿ) ಅಂತ ಇದ್ದರೆ ಮನೆಗೇ ತರಬೇಡಿ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟ್‌ನಲ್ಲೂ ಇರುತ್ತೆ. ನಾಯಿಯ ರಕ್ತದ ಸಕ್ಕರೆ ಗಂಟೆಯೊಳಗೆ ಕುಸಿಯುತ್ತೆ.

ಕ್ಯಾತ್ಸಂದ್ರ_ಗೇಟ್:

ಎಲ್ಲರಿಗೂ ಧನ್ಯವಾದ. ಸಾರು ಬಂದ್. ತುಟಿ ಎತ್ತಿ ನೋಡಿದೆ: ಆ ದೊಡ್ಡ ಹಲ್ಲಿನ ಬುಡದಲ್ಲಿ ಹಳದಿ ಇದೆ, ವಸಡಿನ ಅಂಚು ಸ್ವಲ್ಪ ಕೆಂಪು, ರಕ್ತ ಇಲ್ಲ. ಇನ್ನೆರಡು ಪ್ರಶ್ನೆ. ಓವನ್ ಇಲ್ಲ, ಏನು ಮಾಡಲಿ? ಲ್ಯಾಬ್ ಅಲ್ವಾ, ಏನು ಕೊಟ್ಟರೂ ಅಗಿಯದೆ ಗುಳುಂ ಅನ್ನಿಸುತ್ತೆ. ಅದಕ್ಕೇನು ದಾರಿ?

ರಾಗಿಕಣಜ:

ದಪ್ಪ ತಳದ ಅಗಲ ಪಾತ್ರೆಗೆ 2 ಸೆಂಮೀ ಮರಳು ಅಥವಾ ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ ಒಳಗಿಟ್ಟು ಸಣ್ಣ ಉರಿಯಲ್ಲಿ 35 ನಿಮಿಷ, 20ಕ್ಕೆ ಒಮ್ಮೆ ಮಗುಚಿ. ಮುಚ್ಚಳ ಪೂರ್ತಿ ಬಿಗಿಯಬೇಡಿ, ಹಬೆ ಹೊರಗೆ ಹೋಗಬೇಕು. ಇಲ್ಲದಿದ್ದರೆ ಬೇಯುತ್ತೆ, ಒಣಗಲ್ಲ. ಆಮೇಲೆ ಎರಡು ದಿನ ಮಧ್ಯಾಹ್ನದ ಬಿಸಿಲಿಗೆ ತೆಳು ಬಟ್ಟೆ ಮುಚ್ಚಿ ಇಡಿ, ಸಂಜೆ ತಂಪು ಬೀಳೋ ಮುಂಚೆ ಒಳಗೆ ತನ್ನಿ. ಮಳೆಗಾಲದಲ್ಲಾದರೆ ಬಿಸಿಲು ನಂಬಬೇಡಿ, ಹೆಂಚಿನ ಮೇಲೆ ಅತಿ ಸಣ್ಣ ಉರಿಯಲ್ಲಿ ಎರಡೂ ಕಡೆ ಒಣಗಿಸಿ. ಪುದೀನ ಪುಡಿ ಕಲಸಿದ ಕೊಬ್ಬರಿ ಎಣ್ಣೆ ಸವರೋದು ಇದೆಲ್ಲ ಆದ ಮೇಲೆ.

ನುಂಗೋ ನಾಯಿಗೆ ಸಣ್ಣ ತುಂಡು ಬೇಡ. ಅದೇ ಹಿಟ್ಟನ್ನ 10 ಸೆಂಮೀ ಉದ್ದ, 2 ಸೆಂಮೀ ಅಗಲದ ಪಟ್ಟಿ ಮಾಡಿ. ಒಂದು ತುದಿ ನಿಮ್ಮ ಕೈಯಲ್ಲಿ ಹಿಡಿದು ಇನ್ನೊಂದು ತುದಿಯನ್ನ ಬಾಯಿಯ ಪಕ್ಕದಿಂದ, ಹಿಂದಿನ ಹಲ್ಲಿಗೆ ಸಿಗೋ ಹಾಗೆ ಕೊಡಿ. ಎದುರಿಂದ ಕೊಟ್ಟರೆ ಮುಂದಿನ ಹಲ್ಲಲ್ಲಿ ಕಿತ್ತುಕೊಂಡು ನುಂಗುತ್ತೆ. ಊಟ ಆದ ಮೇಲೆ ಕೊಡಿ, ಮುದ್ದೆ ಹಲ್ಲಿನ ಬುಡಕ್ಕೆ ಅಂಟಿರುತ್ತಲ್ಲ, ಸ್ವಲ್ಪ ಉಜ್ಜಿದ ಹಾಗಾಗುತ್ತೆ.

ಲೆಕ್ಕ: ಸಣ್ಣ ತುಂಡಿಗೆ ಸುಮಾರು 10 ಕ್ಯಾಲೊರಿ, ಪಟ್ಟಿಗೆ 33ರ ಹತ್ತಿರ. ತಿಂಡಿ ದಿನದ ಕ್ಯಾಲೊರಿಯ ಹತ್ತನೇ ಒಂದು ಪಾಲು ದಾಟಬಾರದು. 26 ಕೆಜಿ ನಾಯಿಗೆ ದಿನಕ್ಕೆ 1,300 ಕ್ಯಾಲೊರಿ ಅಂದುಕೊಂಡರೂ ಮೂರು ಪಟ್ಟಿಗಿಂತ ಮೇಲೆ ಬೇಡ, ಎರಡು ಸಾಕು. 10 ಕೆಜಿ ನಾಯಿಗೆ ಐದಾರು ಸಣ್ಣ ತುಂಡು, 5 ಕೆಜಿಗೆ ಮೂರು. ಲ್ಯಾಬ್ ಬೇಗ ಊದುತ್ತೆ, ಬಿಸ್ಕತ್ತು ಕೊಟ್ಟಷ್ಟು ಮುದ್ದೆ ಕಮ್ಮಿ ಮಾಡಿ. 80 ಗ್ರಾಂ ಹಿಟ್ಟಿನ ಮುದ್ದೆಯಲ್ಲೇ 250 ಕ್ಯಾಲೊರಿ ಇದೆ. ಮೊದಲ ಮೂರು ದಿನ ಅರ್ಧ ಪಟ್ಟಿ ಮಾತ್ರ ಕೊಟ್ಟು ಭೇದಿ ಆಗುತ್ತಾ ನೋಡಿ.

ವಸಡು_ನೋಡಿ:

ಹಳದಿ, ಅಂಚು ಕೆಂಪು, ರಕ್ತವಿಲ್ಲ ಎಂದರೆ ಬ್ರಷ್‌ನಿಂದ ಹಿಡಿತಕ್ಕೆ ತರಬಹುದಾದ ಹಂತ. ನಾಯಿಗೆಂದೇ ಸಿಗುವ ಪೇಸ್ಟ್ ತನ್ನಿ. ನಮ್ಮ ಪೇಸ್ಟ್ ಬೇಡ, ನಾಯಿ ಉಗುಳುವುದಿಲ್ಲ, ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಬೋರ್ ನೀರಲ್ಲಿ ಮೊದಲೇ ಫ್ಲೋರೈಡ್ ಹೆಚ್ಚು, ಅಲ್ಲಿನವರು ನಾಯಿಗೂ ಫ್ಲೋರೈಡ್ ತೆಗೆಯುವ ಆರ್‌ಒ ಫಿಲ್ಟರ್‌ನ ನೀರನ್ನೇ ಇಡುವುದು ಒಳ್ಳೆಯದು.

ಮೊದಲ ಮೂರು ನಾಲ್ಕು ದಿನ ಪೇಸ್ಟನ್ನು ಬೆರಳಿಂದ ನೆಕ್ಕಿಸಿ. ಆಮೇಲೆ ಬೆರಳಿಗೆ ಗಾಜ್ ಬಟ್ಟೆ ಸುತ್ತಿ ಕೋರೆಹಲ್ಲು ಮಾತ್ರ ಒರೆಸಿ. ಎರಡನೇ ವಾರ ಮಕ್ಕಳ ಮೆತ್ತನೆ ಬ್ರಷ್. ವಸಡಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಸಣ್ಣ ಸುತ್ತು ಹಾಕುತ್ತಾ ಆ ದೊಡ್ಡ ಹಲ್ಲನ್ನು ತಲುಪಿ. ಹಲ್ಲಿನ ಹೊರಮೈ ಸಾಕು, ಒಳಮೈಯನ್ನು ನಾಲಿಗೆ ನೋಡಿಕೊಳ್ಳುತ್ತದೆ, ಬಾಯಿ ಅಗಲಿಸಿ ಹಿಂಸೆ ಕೊಡಬೇಡಿ. ಒಂದು ಬದಿಗೆ 30 ಸೆಕೆಂಡು, ದಿನವೂ. ಬಿಡುವಿಲ್ಲದಿದ್ದರೆ ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಉಜ್ಜಿದರೆ ಅಷ್ಟರಲ್ಲಿ ಪೊರೆ ಕಿಟ್ಟವಾಗಿರುತ್ತದೆ. ಪುದೀನ ಪಟ್ಟಿಯನ್ನು ಬ್ರಷ್ ಆದ ಮೇಲೆ ಬಹುಮಾನವಾಗಿ ಕೊಡಬೇಡಿ, ಹಿಟ್ಟು ಮತ್ತೆ ಅಂಟುತ್ತದೆ. ಊಟ, ಪಟ್ಟಿ, ಕೊನೆಗೆ ಬ್ರಷ್, ಈ ಕ್ರಮದಲ್ಲಿರಲಿ.

ಮೂರು ವಾರ ಹೀಗೆ ಮಾಡಿಯೂ ಕೆಂಪು ಇಳಿಯದಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ತೋರಿಸಿ. ಹಲ್ಲು ಶುಚಿ ಮಾಡುವ ಸೌಲಭ್ಯ ಅಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಅರಿವಳಿಕೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಲು ಕೇಳಿ, ಕಿಡ್ನಿಯ ಸ್ಥಿತಿ ಆಗಲೇ ಗೊತ್ತಾಗುತ್ತದೆ.