ಮ್ಯಾಜಿಕ್ ಕಾರ್ಡ್ ಆಟದ ಬೆಳ್ಳಿ ನಾಣ್ಯ (ನಿಯುವೆ, 2014): ಅಸಲಿ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಕಪ್ಪಾದ ಅಂಚು ತೊಳೀಬಹುದಾ?

ಐದುಬಣ್ಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮ್ಯಾಜಿಕ್: ದಿ ಗ್ಯಾದರಿಂಗ್ ಆಟದ ಮೇಲೆ 2014ರಲ್ಲಿ ನಿಯುವೆ ಅನ್ನೋ ಪುಟ್ಟ ದ್ವೀಪದ ಹೆಸರಲ್ಲಿ ಬಂದ 1 ಔನ್ಸ್ ಬೆಳ್ಳಿ ನಾಣ್ಯಗಳಲ್ಲಿ ಮೂರು ನನ್ನ ಹತ್ತಿರ ಇವೆ, ಒಂದೊಂದರ ಮೇಲೂ ಆಟದ ಒಂದು ಪಾತ್ರ: ಜೇಸ್, ಚಾಂಡ್ರಾ, ಅಜಾನಿ. ಮೂರರಲ್ಲೂ ಮುಖಬೆಲೆ 2 ಡಾಲರ್. ಹಳೇ ಸಂಗ್ರಹವೊಂದು ಮಾರಾಟಕ್ಕೆ ಬಂದಾಗ ಒಟ್ಟಿಗೆ ತಗೊಂಡಿದ್ದು, ಬಿಲ್ ಇಲ್ಲ. ಪೆಟ್ಟಿಗೆ, ಸರ್ಟಿಫಿಕೇಟ್ ಇರೋದು ಜೇಸ್‌ಗೆ ಮಾತ್ರ.

ಅಜಾನಿಯನ್ನ ಯಾರೋ ಕ್ಯಾಪ್ಸೂಲ್‌ನಿಂದ (ನಾಣ್ಯ ಇಡೋ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ತೆಗೆದು ಮೆತ್ತನೆ ಪ್ಲಾಸ್ಟಿಕ್ ಪೌಚಿಗೆ ಹಾಕಿದ್ದಾರೆ. ಅಂಚು ಹಳದಿ-ಕಂದು ಬಣ್ಣಕ್ಕೆ ತಿರುಗಿದೆ, ಒಂದು ಕಡೆ ಪೂರ್ತಿ ಕಪ್ಪು. ಚಾಂಡ್ರಾದಲ್ಲಿ ರಾಣಿ ಮುಖದ ಬದಿ, ಕನ್ನಡಿ ತರಹ ಹೊಳೆಯೋ ಜಾಗದಲ್ಲಿ, ಅಕ್ಕಿನುಚ್ಚಿನಷ್ಟು ಎರಡು ಬಿಳಿ ಕಲೆ.

ಕೇಳಬೇಕಾಗಿರೋದು: ಬಿಲ್ ಇಲ್ಲದೆ ಅಸಲಿ ಅಂತ ಹೇಗೆ ತಿಳ್ಕೊಳ್ಳೋದು? ಕಪ್ಪು, ಬಿಳಿ ಎರಡನ್ನೂ ಮನೇಲೇ ತೆಗೀಬಹುದಾ? ಉಳಿದ ಲಿಲಿಯಾನಾ, ಗ್ಯಾರಕ್ ಹೊರಗಡೆಯಿಂದ ತರಿಸೋದಾದ್ರೆ ಏನು ನೋಡ್ಕೋಬೇಕು? ಜೊತೆಗೆ ಪೋಕೆಮಾನ್‌ನ ಪಿಕಾಚು ಇರೋ ಒಂದು "ಸಿಲ್ವರ್ ಕಾಯಿನ್" ಕೂಡ ಬಂದಿದೆ, ದೇಶದ ಹೆಸರಿಲ್ಲ, ಮುಖಬೆಲೆ ಇಲ್ಲ. ಅದು ಏನು?

ಒರೆಗಲ್ಲು:

ಪಿಕಾಚು ವಿಷಯ ಮೊದಲು ಮುಗಿಸೋಣ. ದೇಶದ ಹೆಸರು, ಮುಖಬೆಲೆ ಎರಡೂ ಇಲ್ಲ ಅಂದ್ರೆ ಅದು ನಾಣ್ಯವೇ ಅಲ್ಲ, ಬಿಲ್ಲೆ. ಬಿಲ್ಲೆಯಲ್ಲೂ ಅಸಲಿ ಬೆಳ್ಳಿಯದು ಇರುತ್ತೆ, ಆದರೆ ಅದರ ಮೇಲೆ ತೂಕ ಮತ್ತು 999 ಅನ್ನೋ ಶುದ್ಧತೆ ಕೆತ್ತಿರ್ತಾರೆ. ಬರೀ ಚಿತ್ರ ಇದ್ದರೆ ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ಒಳಗಡೆ ಕಬ್ಬಿಣ, ಮೇಲೆ ಬೆಳ್ಳಿ ಬಣ್ಣ. ಇನ್ನೊಂದು ಗೊಂದಲ ಇದೆ: ಪೋಕೆಮಾನ್ ಕಾರ್ಡ್ ಆಟದಲ್ಲಿ ಚಿಮ್ಮೋಕೆ ಅಂತಲೇ ಪ್ಯಾಕಿನ ಜೊತೆ ಬಿಲ್ಲೆ ಕೊಡ್ತಾರೆ. ಮಾರೋರು ಅದರ ಬಣ್ಣ ನೋಡಿ "ಸಿಲ್ವರ್ ಕಾಯಿನ್" ಅಂತ ಹಾಕ್ತಾರೆ. ಸುಳ್ಳು ಹೇಳಿದ್ದಾರೆ ಅಂತಲೂ ಅನ್ನೋ ಹಾಗಿಲ್ಲ!

ಪೋಕೆಮಾನ್‌ಗೂ ನಿಜವಾದ ನಾಣ್ಯ ಇವೆ. 2001ರಲ್ಲಿ ನಿಯುವೆ ಹೆಸರಲ್ಲೇ ಬಂದವು. ಅದರಲ್ಲಿ ಬೆಳ್ಳಿಯದೂ ಇದೆ, ತಾಮ್ರ-ನಿಕಲ್ ಮಿಶ್ರಣದ 1 ಡಾಲರ್‌ದೂ ಇದೆ. ಫೋಟೋದಲ್ಲಿ ಎರಡೂ ಬೆಳ್ಳಗೇ ಕಾಣುತ್ತೆ. ಆ ಮಿಶ್ರಣಕ್ಕೂ ಅಯಸ್ಕಾಂತ ಅಂಟಲ್ಲ, ಹಾಗಾಗಿ ಮುಖಬೆಲೆ ಓದದೆ ದುಡ್ಡು ಕೊಡಬೇಡಿ.

ಈಗ ನಿಮ್ಮ ಮೂರು. ಈ ಸರಣಿ ಹೊರತಂದಿದ್ದು ನ್ಯೂಜಿಲೆಂಡ್ ಮಿಂಟ್. ಹೆಸರು ಕೇಳಿ ಸರ್ಕಾರಿ ಟಂಕಸಾಲೆ ಅಂದುಕೊಳ್ಳೋರು ಬಹಳ. ಅದು ಆಕ್ಲೆಂಡ್‌ನ ಖಾಸಗಿ ಕಂಪನಿ, ಅಲ್ಲಿನ ಚಿಲ್ಲರೆ ನಾಣ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಯುವೆ ಎರಡು ಸಾವಿರಕ್ಕಿಂತ ಕಡಿಮೆ ಜನ ಇರೋ ದ್ವೀಪ, ಬಳಸೋದು ನ್ಯೂಜಿಲೆಂಡ್ ಡಾಲರ್. ಹೆಸರು, ಮುಖಬೆಲೆ ಕೊಟ್ಟು ಅದಕ್ಕೆ ಶುಲ್ಕ ಪಡೆಯುತ್ತೆ. ಆ 2 ಡಾಲರ್ ಹೆಸರಿಗೆ ಮಾತ್ರ, ಒಳಗಿರೋ ಬೆಳ್ಳಿಯ ಬೆಲೆ ಅದಕ್ಕಿಂತ ಎಷ್ಟೋ ಪಟ್ಟು.

ಐದು ಪಾತ್ರಗಳನ್ನ ಸುಮ್ಮನೆ ಆರಿಸಿಲ್ಲ. 2007ರ ಅಕ್ಟೋಬರ್‌ನಲ್ಲಿ ಲೋರ್ವಿನ್ ಅನ್ನೋ ಕಾರ್ಡ್ ಸೆಟ್‌ನಲ್ಲಿ ಮೊಟ್ಟಮೊದಲು ಬಂದ ಪ್ಲೇನ್ಸ್‌ವಾಕರ್ (ಲೋಕದಿಂದ ಲೋಕಕ್ಕೆ ಹೋಗೋ ಮಾಂತ್ರಿಕರು) ಕಾರ್ಡ್‌ಗಳೇ ಇವು: ಬಿಳಿ ಅಜಾನಿ, ನೀಲಿ ಜೇಸ್, ಕಪ್ಪು ಲಿಲಿಯಾನಾ, ಕೆಂಪು ಚಾಂಡ್ರಾ, ಹಸಿರು ಗ್ಯಾರಕ್. ಅದಕ್ಕೇ ಐದೂ ಸೇರಿದ ಸೆಟ್ಟಿಗೆ ಬಿಡಿ ನಾಣ್ಯಕ್ಕಿಂತ ಬೇಡಿಕೆ.

ಪರೀಕ್ಷೆಗೆ ಬೇಕಾಗಿರೋದು 0.01 ಗ್ರಾಂ ತೋರಿಸೋ ತಕ್ಕಡಿ, ಪ್ಲಾಸ್ಟಿಕ್ ವರ್ನಿಯರ್ ಕ್ಯಾಲಿಪರ್, ಸಣ್ಣ ನಿಯೋಡಿಮಿಯಮ್ ಅಯಸ್ಕಾಂತ. ಲೋಹದ ಕ್ಯಾಲಿಪರ್ ಬೇಡ, ಅಂಚಿನಲ್ಲಿ ಗೀರು ಬೀಳುತ್ತೆ.

ತೂಕ: ಟ್ರಾಯ್ ಔನ್ಸ್ ಅಂದ್ರೆ 31.10 ಗ್ರಾಂ. ಟಂಕಸಾಲೆಯವರು ಒಂದು ಕೂದಲೆಳೆ ಜಾಸ್ತಿ ಹಾಕ್ತಾರೇ ಹೊರತು ಕಡಿಮೆ ಹಾಕಲ್ಲ. ದಿನಸಿ ಲೆಕ್ಕದ ಔನ್ಸ್ 28.35 ಗ್ರಾಂ. "1 ಔನ್ಸ್" ಅಂತ ಬರೆದಿರೋದು 28 ಚಿಲ್ಲರೆ ತೂಗಿದರೆ ಅಲ್ಲೇ ನಿಲ್ಲಿಸಿ.

ದಪ್ಪ: ನಕಲಿ ಸಿಕ್ಕಿಬೀಳೋದೇ ಇಲ್ಲಿ. ಶುದ್ಧ ಬೆಳ್ಳಿಯ ಸಾಂದ್ರತೆ ಘನ ಸೆಂ.ಮೀ.ಗೆ 10.49 ಗ್ರಾಂ. ಅಂದ್ರೆ 31.1 ಗ್ರಾಂ ಬೆಳ್ಳಿ ಹಿಡಿಯೋ ಜಾಗ 2.97 ಘನ ಸೆಂ.ಮೀ. 40 ಮಿ.ಮೀ. ವ್ಯಾಸದ ಬಿಲ್ಲೆಗೆ ಅದು ಸರಾಸರಿ 2.36 ಮಿ.ಮೀ. ದಪ್ಪ ಕೊಡುತ್ತೆ. ಅಂಚು ಸ್ವಲ್ಪ ಎದ್ದಿರೋದರಿಂದ ಅಲ್ಲಿ ಅದಕ್ಕಿಂತ ಹೆಚ್ಚು ಬರುತ್ತೆ. ಅದೇ ತೂಕ, ಅದೇ ವ್ಯಾಸಕ್ಕೆ ತಾಮ್ರವಾದರೆ ಸರಾಸರಿ 2.76, ಹಿತ್ತಾಳೆಯಾದರೆ 2.9 ಆಗ್ಬೇಕು. ಹಾಗಾಗಿ ನಕಲಿ ಮಾಡೋನು ತೂಕ ಸರಿ ಮಾಡಿದರೆ ದಪ್ಪ ಕೆಡುತ್ತೆ, ದಪ್ಪ ಸರಿ ಮಾಡಿದರೆ ತೂಕ ಬೀಳುತ್ತೆ. ಒಂದೇ ಸರಣಿಯ ಮೂರು ಇರೋದು ನಿಮ್ಮ ಅದೃಷ್ಟ: ಅಂಚು ಅಕ್ಕಪಕ್ಕ ಇಟ್ಟು ಹೋಲಿಸಿ.

ಅಯಸ್ಕಾಂತ: ನಾಣ್ಯವನ್ನ ಕ್ಯಾಪ್ಸೂಲ್‌ನಲ್ಲೇ 45 ಡಿಗ್ರಿ ಓರೆ ಮಾಡಿ, ಮೇಲಿಂದ ಅಯಸ್ಕಾಂತ ಜಾರಿಬಿಡಿ. ಬೆಳ್ಳಿಯ ಮೇಲೆ ಯಾರೋ ಹಿಂದಿಂದ ಹಿಡಿದುಕೊಂಡ ಹಾಗೆ ತಡೆದು ತಡೆದು ಇಳಿಯುತ್ತೆ. ತಾಮ್ರ-ನಿಕಲ್, ಸೀಸದ ಮೇಲೆ ಸರ್ರಂತ ಜಾರುತ್ತೆ. ಬರೀ ತಾಮ್ರ ಮಾತ್ರ ಇಲ್ಲೂ ಬೆಳ್ಳಿ ಥರಾನೇ ನಡ್ಕೊಳ್ಳುತ್ತೆ, ಅದನ್ನ ಹಿಡಿಯೋದು ದಪ್ಪ. ಮಂಜುಗಡ್ಡೆ ಇಟ್ಟು ಕರಗೋದು ನೋಡೋ ವಿಡಿಯೋಗಳಲ್ಲೂ ಇದೇ ತೊಂದರೆ, ತಾಮ್ರದ ಮೇಲೂ ಅಷ್ಟೇ ಬೇಗ ಕರಗುತ್ತೆ.

ಸರ್ಟಿಫಿಕೇಟ್ ಮೇಲೆ ಭಾರ ಹಾಕಬೇಡಿ. ನಾಣ್ಯದ ಮೈಮೇಲೆ ಸಂಖ್ಯೆ ಇಲ್ಲದಿದ್ದರೆ ಆ ಕಾಗದ ಯಾವ ನಾಣ್ಯದ್ದು ಅಂತ ಯಾರೂ ಹೇಳೋಕಾಗಲ್ಲ. ಮಾರುವಾಗ ಬೆಲೆ ಕೊಡುತ್ತೆ, ನಾಣ್ಯ ಅಸಲಿ ಅನ್ನೋದಕ್ಕೆ ಸಾಕ್ಷಿಯಾಗಲ್ಲ.

ಚಿಕ್ಕಪೇಟೆಸುತ್ತು:

ಒರೆಗಲ್ಲು ಅವರ ಮಾತಿಗೆ ಎರಡು ಸೇರಿಸ್ತೀನಿ. ಬೆಳ್ಳಿ ಅಂಗಡಿಗೆ ತಗೊಂಡು ಹೋದರೆ ನಿಜವಾದ ಒರೆಗಲ್ಲಿಗೇ ಉಜ್ಜೋಕೆ ಹೊರಡ್ತಾರೆ 🙂 ಅವರಿಗೆ ಅದು ಕಾಲುಂಗುರ, ಬಟ್ಟಲು ನೋಡೋ ಅಭ್ಯಾಸ. ಪ್ರೂಫ್ ನಾಣ್ಯಕ್ಕೆ (ಸಂಗ್ರಹಕ್ಕೆ ಅಂತಲೇ ಕನ್ನಡಿ ಹೊಳಪು ಕೊಟ್ಟು ಟಂಕಿಸಿದ್ದು) ಒಂದೇ ಒಂದು ಉಜ್ಜು ಬಿದ್ದರೂ ಸಂಗ್ರಹದ ಬೆಲೆ ಹೋಗಿ ತೂಕದ ಬೆಲೆ ಉಳಿಯುತ್ತೆ. "ಉಜ್ಜಬೇಡಿ, ಅರ ಹಾಕಬೇಡಿ, ಕ್ಯಾಪ್ಸೂಲ್ ನಾನೇ ತೆಗೀತೀನಿ" ಅಂತ ಮೊದಲೇ ಹೇಳಿ.

ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್‌ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳೋದು) ಇರೋ ಕಡೆ ತೋರಿಸಬಹುದು, ಗೀರು ಬೀಳಲ್ಲ. ಆದರೆ ಅದು ಓದೋದು ಮೇಲ್ಪದರ ಮಾತ್ರ, ಕೂದಲಿನ ದಪ್ಪಕ್ಕಿಂತ ಆಳಕ್ಕೆ ಹೋಗಲ್ಲ. ದಪ್ಪ ಬೆಳ್ಳಿ ಲೇಪ ಇರೋ ತಾಮ್ರವನ್ನೂ 99 ಅಂತ ತೋರಿಸಬಹುದು. ಈ ನಾಣ್ಯಗಳಲ್ಲಿ ಪಾತ್ರದ ಚಿತ್ರ ಬಣ್ಣದಲ್ಲಿ ಮುದ್ರಿಸಿರೋ ಬದಿ ಇಟ್ಟರೆ ಅಂಕಿ ಇನ್ನಷ್ಟು ಕೆಡುತ್ತೆ, ರಾಣಿ ಮುಖದ ಬದಿ ಇಡಿಸಿ. ಯಂತ್ರದ ಅಂಕಿ, ತೂಕ, ದಪ್ಪ ಮೂರೂ ಹೊಂದಿದರೆ ಆಮೇಲೆ ಅನುಮಾನ ಬೇಡ.

ಸೋಡಾಪುಡಿ:

ಕಪ್ಪು ಹೋಗೋಕೆ ಸುಲಭದ ದಾರಿ ಇದೆ: ಪಾತ್ರೆ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್, ಒಂದು ಚಮಚ ಅಡುಗೆ ಸೋಡಾ, ಬಿಸಿನೀರು, ಎರಡು ನಿಮಿಷ ಮುಳುಗಿಸಿ. ಉಜ್ಜೋದೇ ಬೇಡ. ಗೀರು ಬೀಳೋ ಪ್ರಶ್ನೆ ಎಲ್ಲಿಂದ ಬಂತು?

ಮಬ್ಬುಕನ್ನಡಿ:

ಸೋಡಾಪುಡಿ ಅವರೇ, ನೀವು ಹೇಳಿದ್ದು ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಕಪ್ಪು ಅಂದ್ರೆ ಬೆಳ್ಳಿ ಗಾಳಿಯಲ್ಲಿನ ಗಂಧಕದ ಜೊತೆ ಸೇರಿ ಆಗೋ ಸಲ್ಫೈಡ್. ನಿಮ್ಮ ವಿಧಾನ ಅದನ್ನ ಮತ್ತೆ ಬೆಳ್ಳಿ ಮಾಡುತ್ತೆ ನಿಜ, ಆದರೆ ಹಾಗೆ ಮರಳಿದ ಬೆಳ್ಳಿ ಮೊದಲಿನಂತೆ ನುಣುಪಾಗಿ ಕೂರಲ್ಲ. ದೀಪದ ಮೇಲೆ ಗೊತ್ತಾಗಲ್ಲ, ಪ್ರೂಫ್‌ನ ಕನ್ನಡಿ ಮೈಮೇಲೆ ಉಸಿರು ಬಿಟ್ಟ ಗಾಜಿನ ಹಾಗೆ ಮಬ್ಬು ಕಾಣುತ್ತೆ. ಸಾಲದ್ದಕ್ಕೆ ಬಿಸಿ ಕ್ಷಾರದ ನೀರು ಬಣ್ಣದ ಅಂಚಿನಿಂದ ಒಳಗೆ ನುಗ್ಗಿ ಮುದ್ರಣ ಎಬ್ಬಿಸುತ್ತೆ.

ವಿಭೂತಿ, ಟೂತ್‌ಪೇಸ್ಟ್, ಹುಣಸೆಹಣ್ಣು ಇವೆಲ್ಲ ಇನ್ನೂ ಕೆಟ್ಟವು. ವಿಭೂತಿ, ಪೇಸ್ಟ್ ತರಿ ಗೀರುತ್ತೆ, ಹುಣಸೆ ಆಮ್ಲ ತಿನ್ನುತ್ತೆ. ಅಂಗಡಿಯಲ್ಲಿ ಸಿಗೋ ಸಿಲ್ವರ್ ಡಿಪ್ ಕೂಡ ಆಮ್ಲವೇ, ಕಪ್ಪಿನ ಜೊತೆ ಬೆಳ್ಳಿಯ ಒಂದು ಪದರವನ್ನೂ ಎತ್ತುತ್ತೆ.

ಐದುಬಣ್ಣ ಅವರಿಗೆ ಒಂದೊಂದಾಗಿ:

ಚಾಂಡ್ರಾದ ಬಿಳಿ ಕಲೆಗೆ ಹಾಲಿನ ಕಲೆ ಅಂತಾರೆ. ಅದು ಮೇಲೆ ಕೂತ ಕೊಳೆ ಅಲ್ಲ. ಟಂಕಿಸೋ ಮೊದಲು ಬಿಲ್ಲೆ ತೊಳೆದ ರಾಸಾಯನಿಕ ಪೂರ್ತಿ ಹೋಗದೆ, ಕಾಯಿಸುವಾಗ ಮೈಗೆ ಹಿಡಿದು ಆಗುತ್ತೆ ಅನ್ನೋದು ಸಾಮಾನ್ಯ ವಿವರಣೆ. ವರ್ಷಗಳ ನಂತರವೂ, ಕ್ಯಾಪ್ಸೂಲ್ ತೆಗೆಯದೇ ಇದ್ದರೂ ಮೂಡುತ್ತೆ. ಮನೇಲಿ ತೆಗೆಯೋ ದಾರಿ ಇಲ್ಲ. ಎರೇಸರ್‌ನಿಂದ ಉಜ್ಜೋ ವಿಡಿಯೋ ನೋಡಿದ್ದರೆ ಮರೆತುಬಿಡಿ, ಕಲೆ ಇದ್ದ ಜಾಗದಲ್ಲಿ ಗೀರಿನ ಮಂಡಲ ಉಳಿಯುತ್ತೆ.

ಅಜಾನಿಯ ಹಳದಿ-ಕಂದು ಹಾಗೇ ಇರಲಿ. ಅವಸರ ಇರೋದು ಪೌಚಿನದ್ದು, ಮೆತ್ತಗಿದೆ ಅಂದ್ರೆ ಪಿವಿಸಿ (ಕ್ಲೋರಿನ್ ಇರೋ ಪ್ಲಾಸ್ಟಿಕ್) ಇರೋ ಸಾಧ್ಯತೆ ಹೆಚ್ಚು. ಪರೀಕ್ಷೆ ಹೀಗೆ: ನಾಣ್ಯ ತೆಗೆದು ದೂರ ಇಡಿ. ತಾಮ್ರದ ತಂತಿಯನ್ನ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಪೌಚಿನ ಮೂಲೆಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್, ಅಂದ್ರೆ ಪಿವಿಸಿ. ಕಿಟಕಿ ತೆಗೆದು ಮಾಡಿ, ಹೊಗೆ ಒಳ್ಳೇದಲ್ಲ. ಪಿವಿಸಿ ವರ್ಷ ಕಳೆದಂತೆ ಆಮ್ಲ ಬಿಡುತ್ತೆ, ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತೆ. ಬರೀ ಬೆಳ್ಳಿ ನಾಣ್ಯವಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೀಬಹುದಿತ್ತು (ಉಗುರು ಬಣ್ಣ ತೆಗೆಯೋ ದ್ರವ ಅಲ್ಲ, ಅದರಲ್ಲಿ ಎಣ್ಣೆ, ಬಣ್ಣ ಬೆರೆಸಿರ್ತಾರೆ). ನಿಮ್ಮದರಲ್ಲಿ ಬಣ್ಣದ ಮುದ್ರಣ ಇದೆ, ಅಸಿಟೋನ್ ಅದನ್ನ ಕರಗಿಸಿ ಎತ್ತುತ್ತೆ. ಜಿಗುಟು ಕಂಡರೆ ನಾಣ್ಯ ಸಂರಕ್ಷಣೆ ಮಾಡೋರಿಗೆ ಕಳಿಸಿ, ಇಲ್ಲದಿದ್ದರೆ ಬರೀ ಹೊದಿಕೆ ಬದಲಿಸಿ.

ಹೊಸ ಹೊದಿಕೆ: ವ್ಯಾಸ ಅಳೆದು ಸರಿಯಾಗಿ ಕೂರೋ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್. ಒಂದು ಮಿ.ಮೀ. ಸಡಿಲ ಇದ್ದರೂ ನಾಣ್ಯ ಅಲ್ಲಾಡಿ ಅಂಚು ಸವೆಯುತ್ತೆ. ಹಿಡಿಯೋದು ಅಂಚಿನಲ್ಲಿ ಮಾತ್ರ, ಪುಡಿ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿ. ಲ್ಯಾಟೆಕ್ಸ್ ಬೇಡ, ಅದರಲ್ಲಿ ಗಂಧಕ ಇರುತ್ತೆ. ಕೆಳಗೆ ದಪ್ಪ ಟವೆಲ್ ಹಾಸಿ. ನಾಣ್ಯದ ಮುಂದೆ ಮಾತಾಡಬೇಡಿ, ಎಂಜಲ ಹನಿ ಈಗ ಕಾಣಲ್ಲ, ಆರು ತಿಂಗಳಿಗೆ ಚುಕ್ಕೆಯಾಗಿ ಕಾಣುತ್ತೆ.

ಇಡೋ ಜಾಗ: ಬೀರುವಿನಲ್ಲಿ ನುಸಿಗುಳಿಗೆ ಇದ್ದರೆ ಅಲ್ಲಿ ಬೇಡ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಸುದ್ದಿಪತ್ರಿಕೆ ಇವೆಲ್ಲ ಬೆಳ್ಳಿಗೆ ಆಗಲ್ಲ. ಮರದ ಪೆಟ್ಟಿಗೆ ಚಂದ ಕಾಣುತ್ತೆ, ಆದರೆ ಮರ, ಅಂಟು, ವಾರ್ನಿಶ್ ಎಲ್ಲ ಆಮ್ಲದ ಆವಿ ಬಿಡ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಬೆಳ್ಳಿ ಕಪ್ಪಾಗದಂತೆ ತಡೆಯೋ ಕಾಗದದ ಪಟ್ಟಿ ಹಾಕಿಡಿ. ಮಂಗಳೂರು, ಉಡುಪಿ ಕಡೆಯಾದರೆ ಮಳೆಗಾಲದಲ್ಲಿ ಜೆಲ್ ಬೇಗ ತೇವ ಹೀರಿ ಮುಗಿಯುತ್ತೆ, ಬಣ್ಣ ಬದಲಿಸೋ ಜೆಲ್ ತಗೊಂಡರೆ ನೋಡಿದ ಕೂಡಲೇ ಗೊತ್ತಾಗುತ್ತೆ. ಬಣ್ಣದ ಮುದ್ರಣ ಬಿಸಿಲಿಗೆ ಮಾಸುತ್ತೆ, ಷೋಕೇಸ್ ಆಸೆ ಇದ್ದರೆ ಕಿಟಕಿಯಿಂದ ದೂರ.

ಐದುಬಣ್ಣ:

ಎಲ್ಲರಿಗೂ ಥ್ಯಾಂಕ್ಸ್. ಪಿಕಾಚು ಅಯಸ್ಕಾಂತಕ್ಕೆ ಟಪ್ ಅಂತ ಅಂಟಿತು, ತೂಕ 23.8 ಗ್ರಾಂ. ಅಜಾನಿ 31.17 ಗ್ರಾಂ, ವ್ಯಾಸ 40.0 ಮಿ.ಮೀ., ಅಂಚಿನ ದಪ್ಪ ಜೇಸ್‌ಗೆ ಸಮ, ಅಯಸ್ಕಾಂತ ನಿಧಾನ ಜಾರುತ್ತೆ. ಪೌಚಿಗೆ ಉರಿ ಹಸಿರಾಯ್ತು. ಜಿಗುಟು ಕಾಣಿಸ್ತಿಲ್ಲ, ಕ್ಯಾಪ್ಸೂಲ್‌ಗೆ ಹಾಕಿದೆ. ತೂಕ, ದಪ್ಪ ಆದಮೇಲೂ ನೀರಿನಲ್ಲಿ ಸಾಂದ್ರತೆ ನೋಡಬೇಕಾ?

ಒರೆಗಲ್ಲು:

ಬೇಡ. ಪ್ರೂಫ್ ಮೇಲೆ ನೀರು ಒಣಗಿದರೆ ಗುರುತು ಉಳಿಯುತ್ತೆ, ಬಣ್ಣಕ್ಕೂ ಒಳ್ಳೇದಲ್ಲ. ಮುಂದೆ ಯಾವತ್ತಾದರೂ ಬಣ್ಣ ಇಲ್ಲದ ಸಾದಾ ಬಿಲ್ಲೆ ನೋಡೋದಾದ್ರೆ ಮಾತ್ರ: ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನ ದಾರದಲ್ಲಿ ಕಟ್ಟಿ ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ. 31.1 ಗ್ರಾಂ ಬೆಳ್ಳಿಗೆ ತಕ್ಕಡಿ 2.97 ಗ್ರಾಂ ಆಸುಪಾಸು ತೋರಿಸ್ಬೇಕು, ತಾಮ್ರಕ್ಕೆ 3.47, ಸೀಸಕ್ಕೆ 2.74. ಗುಳ್ಳೆ ಅಂಟಿಕೊಂಡರೆ ಅಂಕಿ ಜಾಸ್ತಿ ಬಂದು ಅಸಲಿಯೂ ನಕಲಿ ಥರ ಕಾಣುತ್ತೆ, ಅದಕ್ಕೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಸೋಪು ಹಾಕಿ.

ಚಿಕ್ಕಪೇಟೆಸುತ್ತು:

ಲಿಲಿಯಾನಾ, ಗ್ಯಾರಕ್ ವಿಷಯ ಉಳೀತು. ಬೆಲೆ ನೋಡುವಾಗ ಮಾರೋರು ಕೇಳ್ತಿರೋ ಅಂಕಿ ಬಿಡಿ, ಹರಾಜು ತಾಣದಲ್ಲಿ "ಮಾರಾಟವಾದವು" ಅಂತ ಸೋಸಿ ನೋಡಿ. ಅವತ್ತಿನ ಗ್ರಾಂ ದರವನ್ನ 31.1ರಿಂದ ಗುಣಿಸಿದರೆ ಲೋಹದ ಬೆಲೆ ಸಿಗುತ್ತೆ. ಅದಕ್ಕಿಂತ ಮೇಲೆ ಕೊಡೋದೆಲ್ಲ ಆಟದ ಅಭಿಮಾನಕ್ಕೆ, ಮುದ್ರಣ ಮತ್ತು ಪೆಟ್ಟಿಗೆಗೆ. ಮಾರುವಾಗ ಆ ಮೇಲಿನ ಭಾಗ ಕೊಡೋನು ಇನ್ನೊಬ್ಬ ಮ್ಯಾಜಿಕ್ ಆಟಗಾರ, ಬೆಳ್ಳಿ ಅಂಗಡಿಯವನಲ್ಲ. ಪೆಟ್ಟಿಗೆ ಇಲ್ಲದ ಗ್ಯಾರಕ್‌ಗೆ ಪೂರ್ತಿ ಬೆಲೆ ಕೊಡಬೇಡಿ.

ಎನ್‌ಜಿಸಿ ಅಥವಾ ಪಿಸಿಜಿಎಸ್ (ನಾಣ್ಯ ಪರೀಕ್ಷಿಸಿ ದರ್ಜೆ ಕೊಡೋ ಕಂಪನಿಗಳು) ಸೀಲ್ ಮಾಡಿದ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿರೋದು ಸಿಕ್ಕರೆ ಅದರ ಮೇಲಿನ ಸಂಖ್ಯೆಯನ್ನ ಅವರ ತಾಣದಲ್ಲಿ ಹಾಕಿ, ಫೋಟೋ ಇದ್ದರೆ ಕಲೆ, ಗೀರು ಹೋಲಿಸಿ. ಸ್ಲ್ಯಾಬಿನದೂ ನಕಲಿ ಬರುತ್ತೆ. ನಿಮ್ಮ ಚಾಂಡ್ರಾ, ಅಜಾನಿಯನ್ನ ಗ್ರೇಡಿಂಗ್‌ಗೆ ಕಳಿಸೋದು ದುಡ್ಡು ದಂಡ. ಜೇಸ್ ನಿಷ್ಕಳಂಕವಾಗಿದ್ದರೆ ಮಾತ್ರ ಯೋಚಿಸಿ.

ತರಿಸುವಾಗ ಇನ್‌ವಾಯ್ಸ್‌ನಲ್ಲಿ "ಆಟಿಕೆ", "ಉಡುಗೊರೆ" ಅಂತ ಬರೆಸೋ ಬುದ್ಧಿವಂತಿಕೆ ಬೇಡ. ಕಸ್ಟಮ್ಸ್ ಪಟ್ಟಿಯಲ್ಲಿ ನಾಣ್ಯಕ್ಕೆ 7118 ಅನ್ನೋ ಪ್ರತ್ಯೇಕ ಶೀರ್ಷಿಕೆ ಇದೆ. ಲೋಹ, ತೂಕ, ಕೊಟ್ಟ ಬೆಲೆ ಸರಿಯಾಗಿ ಬರೆಸಿ, ತಪ್ಪು ಬರೆದದ್ದು ಸಿಕ್ಕಿಬಿದ್ದರೆ ದಂಡ, ಜಪ್ತಿ ಎರಡಕ್ಕೂ ದಾರಿ. ಬೆಳ್ಳಿ ಸುಂಕ ಆಗಾಗ ಬದಲಾಗುತ್ತೆ, 2024ರ ಜುಲೈ ಬಜೆಟ್‌ನಲ್ಲಿ ಒಂದೇ ಸಲ 15ರಿಂದ 6 ಶೇಕಡಕ್ಕೆ ಇಳಿಸಿದ್ದರು. ಹಾಗಾಗಿ ಆರ್ಡರ್ ಮಾಡೋ ವಾರದಲ್ಲೇ ದರ ನೋಡಿ. ಕೆಲವು ಕೊರಿಯರ್‌ಗಳು ನಾಣ್ಯ, ಬೆಳ್ಳಿಗಟ್ಟಿ ಒಯ್ಯೋದೇ ಇಲ್ಲ, ದುಡ್ಡು ಕಟ್ಟೋ ಮೊದಲು ಯಾವ ಕೊರಿಯರ್, ವಿಮೆ ಇದೆಯಾ ಅಂತ ಕೇಳಿ. ಅಮೆರಿಕದಿಂದ ಬರೋ ನೆಂಟರ ಕೈಲಿ ತರಿಸೋ ಯೋಚನೆ ಇದ್ದರೆ, ಪ್ರಯಾಣಿಕರ ಸುಂಕರಹಿತ ಮಿತಿಯೊಳಗೆ ಆಭರಣ ಅಲ್ಲದ ಬೆಳ್ಳಿ ಸೇರಲ್ಲ. ಅವರು ಕೆಂಪು ಚಾನೆಲ್‌ನಲ್ಲಿ ಘೋಷಿಸಿಯೇ ತರಬೇಕು, ಬಿಲ್ ಜೊತೆಗಿರಲಿ.