ಗೆಳತಿಗೆ ಕೀಮೋ ನಡೆಯುತ್ತಿದೆ, ದುಡ್ಡು ಕೊಟ್ಟರೆ ಬೇಡ ಅಂತಾಳೆ. ಏನು ಮಾಡಲಿ?

ಪ್ರಶ್ನೆ: ಮೇಲಿನ ಮನೆಯವಳು

ನನ್ನ ಗೆಳತಿಗೆ ಸ್ತನ ಕ್ಯಾನ್ಸರ್. ಮನೆಯಲ್ಲಿ ಅವಳು ಮತ್ತು 9 ವರ್ಷದ ಮಗಳು, ಇಬ್ಬರೇ. ಆಪರೇಷನ್ ಆಗಿದೆ. ಈಗ ಕೀಮೋ. ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ, ಆಮೇಲೆ ಬೇರೆ ಔಷಧಿ ವಾರವಾರ 12 ಸಲ. ಅದಾದ ಮೇಲೆ ರೇಡಿಯೇಷನ್. ಸದ್ಯಕ್ಕೆ ಎರಡು ಕೀಮೋ ಮುಗಿದಿದೆ.

ನಾವು ಏಳು ಜನ ಸೇರಿ ಒಂದಷ್ಟು ದುಡ್ಡು ಕೂಡಿಸಿದೆವು. ಲಕೋಟೆ ಹಿಡಿದುಕೊಂಡು ನಾನೇ ಹೋದೆ. "ಬಿಲ್ಲು ಇನ್ಶೂರೆನ್ಸ್‌ನಲ್ಲಿ ಆಗುತ್ತೆ, ಬೇಡ ಕಣೇ" ಅಂದಳು. ಸರಿ ಅಂತ ವಾಪಸ್ ಬಂದೆ. ಪೆದ್ದಿ ನಾನು. ಹೋದ ವಾರ ಅವಳ ಅಡುಗೆಮನೆಯಲ್ಲಿ ನಿಂತಿದ್ದಾಗ ವಾಂತಿ ತಡೆಯುವ ಮಾತ್ರೆಯನ್ನು ಚಾಕುವಿನಲ್ಲಿ ಅರ್ಧ ಮಾಡಿ, ಉಳಿದರ್ಧವನ್ನು ಡಬ್ಬಿಗೆ ಹಾಕಿದಳು. ಯಾಕೆ ಅಂದರೆ "ಅರ್ಧ ಸಾಕು" ಅಂತಾಳೆ. ಸಾಕಾಗಲ್ಲ ಅಂತ ಅವಳ ಮುಖವೇ ಹೇಳುತ್ತಿತ್ತು.

ಫ್ರಿಜ್ ಮೇಲೊಂದು ಕ್ಯಾಲೆಂಡರ್ ಇದೆ. ಕೀಮೋ ದಿನಕ್ಕೆ ಮಗಳು ಕೆಂಪು ಸುತ್ತು ಹಾಕಿದ್ದಾಳೆ, ಮುಂದಿನ ನಾಲ್ಕು ದಿನಕ್ಕೆ ಒಂದೊಂದು ಮೋಡ. ಅಮ್ಮ ಏಳದ ದಿನಗಳಂತೆ ಅವು.

ಅವಳ ಮನಸ್ಸಿಗೆ ನೋವಾಗದ ಹಾಗೆ ಸಹಾಯ ಮಾಡುವುದು ಹೇಗೆ? ಇಂಟರ್ನೆಟ್‌ನಲ್ಲಿ ಹಣ ಸಂಗ್ರಹ ಶುರು ಮಾಡೋಣ ಅಂತ ಒಬ್ಬರು ಹೇಳುತ್ತಿದ್ದಾರೆ. ನನಗೆ ಯಾಕೋ ಮನಸ್ಸಿಲ್ಲ.

ಉತ್ತರ 1: ಮೂರು ವರ್ಷದ ಹಿಂದೆ ನಾನೂ

ನಾನೂ ಒಬ್ಬಳೇ ಮಗನನ್ನು ಇಟ್ಟುಕೊಂಡು ಇದನ್ನು ದಾಟಿದವಳು. ನಿಮ್ಮ ಗೆಳತಿ ಸುಳ್ಳು ಹೇಳುತ್ತಿಲ್ಲ, ದೊಡ್ಡ ಬಿಲ್ಲು ಇನ್ಶೂರೆನ್ಸ್‌ನಲ್ಲಿ ಆಗಿರಬಹುದು. ನನ್ನನ್ನು ಹೈರಾಣು ಮಾಡಿದ್ದು ಚಿಲ್ಲರೆ ಖರ್ಚು. ಪ್ರತಿ ಕೀಮೋಗೆ ಮುಂಚೆ ರಕ್ತ ಪರೀಕ್ಷೆ. ಹೋಗಿ ಬರಲು ಟ್ಯಾಕ್ಸಿ, ಯಾಕಂದರೆ ಬಸ್ಸಿನ ಗುಂಪಿನಲ್ಲಿ ಸೋಂಕಿನ ಭಯ. ಮಗನನ್ನು ನೋಡಿಕೊಳ್ಳುವವರಿಗೆ ಕೊಡಬೇಕು. ಕೆಲಸಕ್ಕೆ ಹೋಗದ ದಿನದ ಸಂಬಳ ಕಟ್. ರೇಡಿಯೇಷನ್ ಬಂದಾಗಲಂತೂ ವಾರದಲ್ಲಿ ಐದು ದಿನ ಓಡಾಟ, ಅದೂ ವಾರಗಟ್ಟಲೆ. ಮಲಗಿಸಿ ಬಿಡುವುದು ಕೆಲವು ನಿಮಿಷ, ಓಡಾಟಕ್ಕೆ ಅರ್ಧ ದಿನ.

ಲಕೋಟೆ ನಾನೂ ವಾಪಸ್ ಕಳಿಸಿದ್ದೆ. ಲಕೋಟೆ ತೆಗೆದುಕೊಂಡರೆ ಥ್ಯಾಂಕ್ಸ್ ಹೇಳಬೇಕು, ಹೇಗಿದ್ದೀನಿ ಅಂತ ಎಲ್ಲರಿಗೂ ವರದಿ ಕೊಡಬೇಕು. ಶಕ್ತಿ ಇರಲಿಲ್ಲ. ಆದರೆ ಒಬ್ಬಳು ಬಂದು "ಗುರುವಾರದ ಟ್ಯಾಕ್ಸಿ ನಾನು ಬುಕ್ ಮಾಡಿದ್ದೀನಿ, ಎಂಟಕ್ಕೆ ಬಾಗಿಲಿಗೆ ಬರುತ್ತೆ" ಅಂದಳು. ಅದಕ್ಕೆ ಬೇಡ ಅನ್ನಲು ಬಾಯಿ ಬರಲಿಲ್ಲ. "ಏನಾದರೂ ಬೇಕಾದರೆ ಹೇಳು" ಅಂದವರು ಹತ್ತಾರು ಜನ, ನಾನು ಒಬ್ಬರಿಗೂ ಹೇಳಲಿಲ್ಲ.

ಇನ್ನೊಂದು. ಕೀಮೋ ಆಗಿ ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ರಕ್ತಕಣ ತುಂಬಾ ಕೆಳಗೆ ಇಳಿಯುತ್ತವೆ. ಮೋಡದ ದಿನ ಮುಗಿದು ಅವಳು ಎದ್ದು ಓಡಾಡುವ ಹೊತ್ತು ಅದು, ಎಲ್ಲರೂ ನಿರಾಳ ಆಗಿಬಿಡುತ್ತಾರೆ. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಆ ರಾತ್ರಿ ಮಗುವಿನ ಜೊತೆ ಮಲಗುವವರು ಯಾರು ಅಂತ ಈಗಲೇ ಗೊತ್ತಿರಲಿ. ನೀವು ಮೇಲಿನ ಮನೆಯಲ್ಲೇ ಇದ್ದೀರಿ ಅಲ್ವಾ? ಒಂದು ಬೀಗದ ಕೈ ಇಸಕೊಳ್ಳಿ.

ಉತ್ತರ 2: ಬಿಲ್ ಕೌಂಟರ್

ಆಸ್ಪತ್ರೆಯ ಬಿಲ್ಲಿಂಗ್‌ನಲ್ಲಿ ಹನ್ನೊಂದು ವರ್ಷ ಕೂತಿದ್ದೆ. ಒಟ್ಟು ಮೊತ್ತದ ಬಿಲ್ಲು ನೋಡಿ ಪ್ರಯೋಜನವಿಲ್ಲ, ಒಂದೊಂದೂ ಬಿಡಿಸಿ ಬರೆದ ಬಿಲ್ಲು ಕೇಳಿ. ಬಳಸದೆ ಉಳಿದ ಔಷಧಿ, ಎರಡು ಸಲ ಹಾಕಿದ ಪರೀಕ್ಷೆ, ಇವೆಲ್ಲ ಅಲ್ಲೇ ಸಿಗುತ್ತವೆ. ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆಗಿದ್ದರೆ ಕಾರಣವನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟೋ ಸಲ ಒಂದು ಕಾಗದ ಕಡಿಮೆ ಇರುತ್ತದೆ ಅಷ್ಟೇ. ಕಾಯಿಲೆಯವರಿಗೆ ಆ ಕಾಗದದ ಹಿಂದೆ ಬೀಳುವ ತ್ರಾಣ ಇರಲ್ಲ. ಅದು ನಿಮ್ಮ ಕೆಲಸ, ಆದರೆ ಅವಳ ಒಪ್ಪಿಗೆ ಪತ್ರ ಇಲ್ಲದೆ ನಿಮ್ಮ ಹತ್ತಿರ ಯಾರೂ ಮಾತಾಡಲ್ಲ.

ಔಷಧಿಗೆ ಜನೆರಿಕ್ (ಅದೇ ಔಷಧಿ, ಕಡಿಮೆ ಬೆಲೆಯದು) ಇದೆಯಾ ಅಂತ ಡಾಕ್ಟರನ್ನೇ ಕೇಳಬಹುದು, ತಪ್ಪಿಲ್ಲ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್‌ನಂಥ ದುಬಾರಿ ಇಂಜೆಕ್ಷನ್‌ಗೂ ಬಯೋಸಿಮಿಲರ್, ಅಂದರೆ ಅದರಂತೆಯೇ ಕೆಲಸ ಮಾಡುವ ಬೇರೆ ಕಂಪನಿಯ ಔಷಧಿ, ಬಂದಿವೆ. ಅವಳಿಗೆ ಅದು ಬೇಕಾದರೆ ಸಾಮಾನ್ಯವಾಗಿ ಒಟ್ಟು ಒಂದು ವರ್ಷ ನಡೆಯುತ್ತದೆ, ಹಾಗಾಗಿ ಕೂಡಿಸಿದ ದುಡ್ಡನ್ನು ಈಗಲೇ ಪೂರ್ತಿ ಖಾಲಿ ಮಾಡಬೇಡಿ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತರು ಇದ್ದರೆ ಅವರನ್ನು ಒಮ್ಮೆ ನೋಡಿ. ನೆರವಿನ ನಿಧಿ, ಔಷಧಿ ಕಂಪನಿಗಳ ರಿಯಾಯಿತಿ ಯೋಜನೆ ಇದ್ದರೆ ಅವರಿಗೆ ಗೊತ್ತಿರುತ್ತದೆ. ಅರ್ಧ ಮಾತ್ರೆ ವಿಷಯ ಮಾತ್ರ ಮುಚ್ಚಿಡಬೇಡಿ. ವಾಂತಿ ಜಾಸ್ತಿಯಾಗಿ ಡ್ರಿಪ್‌ಗೆ ಅಡ್ಮಿಟ್ ಆದರೆ ಮಾತ್ರೆಯ ಬೆಲೆಗಿಂತ ಎಷ್ಟೋ ಜಾಸ್ತಿ ದುಡ್ಡು ಹೋಗುತ್ತದೆ.

ಉತ್ತರ 3: ಸುಮ್ನೆ ಓದುವವನು

ಹಣ ಸಂಗ್ರಹದ ಬಗ್ಗೆ ಮಾತ್ರ ಹೇಳುತ್ತೇನೆ. ಅವಳು ಒಪ್ಪದೆ ಮಾಡಬೇಡಿ. ಒಪ್ಪಿದರೂ ಮಗುವಿನ ಫೋಟೋ ಬೇಡ. ನಮ್ಮಕ್ಕನಿಗೆ ಹಾಗೆ ಮಾಡಿದ್ದರು, ಶಾಲೆಯಲ್ಲಿ ಹುಡುಗರು ಅದನ್ನೇ ಹಿಡಿದು ಮಾತಾಡಿದರು.

ಮೇಲಿನ ಮನೆಯವಳು (ಹತ್ತು ದಿನದ ನಂತರ)

ಎಲ್ಲರಿಗೂ ಥ್ಯಾಂಕ್ಸ್. ಹಣ ಸಂಗ್ರಹ ಕೈಬಿಟ್ಟೆವು. ಬಿಲ್ಲುಗಳೆಲ್ಲ ಅವಳ ಶೂ ಡಬ್ಬಿಯಲ್ಲಿದ್ದವು. "ನಿನಗೇನು ತಲೆ ಕೆಟ್ಟಿದೆಯಾ, ಬಿಡು" ಅಂದಳು. ಬಿಡಲಿಲ್ಲ. ಎರಡು ತಾಸು ನೆಲದ ಮೇಲೆ ಹರಡಿಕೊಂಡು ತಾರೀಖಿನ ಪ್ರಕಾರ ಜೋಡಿಸಿದೆ. ಒಂದೇ ದಿನ ಒಂದೇ ರಕ್ತ ಪರೀಕ್ಷೆ ಎರಡು ಸಲ ಬಂದಿತ್ತು. ಅವಳಿಂದ ಪತ್ರ ಬರೆಸಿಕೊಂಡು ಕೇಳಿದ್ದೇನೆ, ನೋಡುತ್ತೇವೆ ಅಂದಿದ್ದಾರೆ.

ಮಾತ್ರೆ ವಿಷಯ ನಾನೇ ಡಾಕ್ಟರಿಗೆ ಹೇಳಿಬಿಡಲಾ ಅಂದಾಗ ಚೆನ್ನಾಗಿ ಬೈದಳು. ಮಾರನೇ ದಿನ ತಾನೇ ಫೋನ್ ಮಾಡಿದಳಂತೆ. ಅದೇ ಔಷಧಿ, ಬೇರೆ ಕಂಪನಿಯದು, ಕಡಿಮೆ ಬೆಲೆಗೆ ಬರೆದುಕೊಟ್ಟಿದ್ದಾರೆ. ಬೀಗದ ಕೈ ಕೊಡಲು ಮೂರು ದಿನ ಸತಾಯಿಸಿದಳು, ಕೊನೆಗೆ ಮಗಳ ಕೈಯಲ್ಲಿ ಕಳಿಸಿದಳು.

ನಾಳೆ ಮೂರನೇ ಕೀಮೋ. ಲಕೋಟೆ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ, ಟ್ಯಾಕ್ಸಿಗೆ ತೆಗೆದದ್ದಷ್ಟು ಕಡಿಮೆ.